ಮಂಡಿರಾಯರ ಓಟ

ಸುಳ್ಳು ಹೇಳುವವರಿಗೆ ಜ್ಞಾಪಕಶಕ್ತಿ ಚೆನ್ನಾಗಿರಬೇಕು. ಮಂಡಿರಾಯರಿಗೆ ಅದೇ ಕಮ್ಮಿ. ನೋವು ಎಡಮಂಡಿಗೋ ಬಲಮಂಡಿಗೋ ಅನ್ನುವುದನ್ನೇ ಅವರು ಮರೆತುಬಿಟ್ಟಿದ್ದರು.

ಬಿದ್ದುಹೋಗುವಂಥ ಮನೆಗಳನ್ನು ನೋಡಿ 'ವಾಸಕ್ಕೆ ಯೋಗ್ಯವಲ್ಲ' ಅಂತ ಬರೆದುಕೊಡುವುದು ನಗರಸಭೆಯಲ್ಲಿ ಅವರ ಕೆಲಸ. ಬರೆದುಕೊಟ್ಟರೆ ಆ ಮನೆಯವರಿಗೆ ಬೇರೆ ಮನೆ ಸಿಗುತ್ತದೆ. ಆದರೆ ಜನ ಒಳಗೆ ವಾಸ ಇರುವಾಗಲೇ ನೋಡಿ ಬರೆಯಬೇಕು, ಬಿಟ್ಟುಹೋದವರಿಗೆ ಏನೂ ಇಲ್ಲ. ಹಳೇ ಕಟ್ಟಡವೊಂದರ ನಾಲ್ಕನೇ ಮಹಡಿಯ ಹೊಲಿಗೆಯಾಕೆ ಅತ್ತೆಯನ್ನೂ ಎರಡು ಮಕ್ಕಳನ್ನೂ ಸೋರುವ ಸೂರಿನ ಕೆಳಗೆ ಇಟ್ಟುಕೊಂಡು ಮೂರು ತಿಂಗಳಿಂದ ಕಚೇರಿಗೆ ಅಲೆಯುತ್ತಿದ್ದಳು. ಆ ಕಟ್ಟಡಕ್ಕೆ ಲಿಫ್ಟಿಲ್ಲ, ಎಂಬತ್ತು ಮೆಟ್ಟಿಲು.

"ಮಂಡಿ ನೋವಮ್ಮ. ಮುಂದಿನ ವಾರ ಖಂಡಿತ ಬರ್ತೀನಿ" ಅಂತ ರಾಯರು ಹನ್ನೆರಡು ವಾರ ಹೇಳಿದ್ದರು. ಹೆಸರು ಬಂದದ್ದೇ ಹಾಗೆ.

ಅಷ್ಟರಲ್ಲಿ ಸೂರಿಲ್ಲದ ಸಂಸಾರಗಳ ನೆರವಿಗೆ ಭಾನುವಾರ ಐದು ಕಿಲೋಮೀಟರ್ ಓಟ ಅಂತಾಯಿತು. ಕಚೇರಿಯ ಟೈಪಿಸ್ಟಮ್ಮ ನಗುತ್ತಾ ಬಂದಳು. "ಮೊನ್ನೆ ನೀವು ಬಸ್ಸಿನ ಹಿಂದೆ ಓಡಿದ್ದು ನೋಡಿದೆ ಸಾರ್. ನಿಮ್ಮ ಹೆಸರು ನಾನೇ ಬರೆಸಿಬಿಟ್ಟೆ."

"ಅಯ್ಯೋ, ನನ್ನ ಮಂಡಿ..."

"ಬಸ್ಸಿಗೆ ಓಡೋ ಮಂಡಿ ಬಡವರಿಗೆ ಓಡಲ್ವಾ ಸಾರ್?"



ಭಾನುವಾರ ಬೆಳಿಗ್ಗೆ ರಾಯರು ಭಾವಮೈದುನನ ಬೂಟು ಹಾಕಿಕೊಂಡರು. ದೊಡ್ಡದಾಯಿತು. ಹೆಂಡತಿ ಅದರೊಳಗೆ ಹಳೇ ಬನಿಯನ್ ತುರುಕಿದಳು. ಮಾನ ಉಳಿಯಲಿ ಅಂತ ಮಂಡಿಗೆ ಪಟ್ಟಿಯನ್ನೂ ಕಟ್ಟಿಕೊಂಡರು.

"ರೀ, ನೋವು ಆ ಕಾಲಿಗಲ್ವಾ?" ಅಂದಳು ಹೆಂಡತಿ.

"ಈಗ ಈ ಕಡೆಗೂ ಬಂದಿದೆ" ಅಂದರು ರಾಯರು.

ಮೂರು ಕಿಲೋಮೀಟರ್ ಹೇಗೋ ಏದುಸಿರು ಬಿಡುತ್ತಾ ಓಡಿದರು. ಅಲ್ಲಿ ನೀರು ಕೊಡುತ್ತಾ ನಿಂತಿದ್ದವಳು ಹೊಲಿಗೆಯಾಕೆ. ರಾಯರು ತಟ್ಟನೆ ಕುಂಟತೊಡಗಿದರು, ಅದೂ ಪಟ್ಟಿಯಿಲ್ಲದ ಕಾಲಲ್ಲಿ. ಅವಳು ಆ ಕಾಲು ನೋಡಿದಳು, ಈ ಕಾಲು ನೋಡಿದಳು, ಲೋಟ ಮುಂದಿಟ್ಟಳು.

"ಮಂಡಿ ವಾಸಿಯಾಯ್ತಲ್ಲ ಸಾರ್. ಸಂತೋಷ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ 'ಸಂತೋಷ' ಅನ್ನುವ ಮಾತು ರಾಯರ ಎದೆಗೆ ನೇರವಾಗಿ ನಾಟಿತು. ನಾಚಿಕೆಯಾಯಿತು. "ಇವತ್ತೇ ಬರ್ತೀನಮ್ಮ. ಓಟ ಮುಗಿದ ತಕ್ಷಣ."

"ಸಾರ್, ಈಗ ಆ ಮನೆ..." ಅಂತ ಅವಳೇನೋ ಹೇಳಹೊರಟಳು. ಅಷ್ಟರಲ್ಲಿ ಹಿಂದಿನವರು ತಳ್ಳಿಕೊಂಡು ಬಂದರು. ಬನಿಯನ್ ತುಂಬಿದ ಬೂಟು ಹೊರಳಿ ರಾಯರು ಮುಗ್ಗರಿಸಿ ಬಿದ್ದರು. ಮಂಡಿ ಲಟಕ್ಕೆಂದಿತು. ಈ ಸಲ ಯಾವ ಮಂಡಿ ಅಂತ ಅನುಮಾನವೇ ಉಳಿಯಲಿಲ್ಲ.

ಉಳಿದ ದಾರಿ ಕುಂಟಿಕೊಂಡೇ ಮುಗಿಸಿದರು. "ನಾಟಕ ಸಾಕು ಸಾರ್" ಅಂದಳು ಟೈಪಿಸ್ಟಮ್ಮ. ರಾಯರು ಕಚೇರಿಯಿಂದ ನಮೂನೆ ತಗೊಂಡು ನೇರ ಆ ಕಟ್ಟಡಕ್ಕೆ ಹೋದರು. ಎಂಬತ್ತು ಮೆಟ್ಟಿಲನ್ನೂ ಹಲ್ಲು ಕಚ್ಚಿಕೊಂಡು, ಕೊನೆಗೆ ಕೂತು ತೆವಳಿಕೊಂಡು ಹತ್ತಿದರು. ಮೊದಲೇ ಹತ್ತಬಹುದಿತ್ತಲ್ಲ, ಒಂದೇ ಒಂದು ಸಲ, ಅಂತ ಪ್ರತಿ ಮೆಟ್ಟಿಲಿಗೂ ಅನ್ನಿಸಿತು.

ಬಾಗಿಲು ತೆರೆದೇ ಇತ್ತು. ಒಳಗೆ ಯಾರೂ ಇರಲಿಲ್ಲ. ನೆಲದ ಮೇಲೆ ಗಾರೆ ರಾಶಿ, ತಲೆಯ ಮೇಲೆ ಆಕಾಶ.

ಕೆಳಗಿನ ಮನೆಯ ಅಜ್ಜಿ ಸದ್ದು ಕೇಳಿ ಬಂದಳು. "ಗುರುವಾರ ಸೂರು ಬಿತ್ತಪ್ಪ. ಪುಣ್ಯ, ಯಾರಿಗೂ ಏನೂ ಆಗಲಿಲ್ಲ. ಈಗ ಶಾಲೆ ಜಗಲಿ ಮೇಲೆ ಮಲಗ್ತಾರೆ. ಇವತ್ತು ಅವರಿಗೋಸ್ಕರ ಯಾರೋ ಓಡ್ತಾರಂತಲ್ಲ, ನೀರು ಕೊಡೋಕೆ ಹೋಗಿದ್ದಾಳೆ. ನೀವ್ಯಾರು?"

ರಾಯರು ಏಳಲು ನೋಡಿದರು, ಮಂಡಿ ಒಪ್ಪಲಿಲ್ಲ. ಅಜ್ಜಿ ಆ ಮಂಡಿಯನ್ನೂ ಕೈಯಲ್ಲಿದ್ದ ಕಾಗದವನ್ನೂ ನೋಡಿ ತಲೆಯಾಡಿಸಿದಳು.

"ಓ, ನೀವೇನಾ ಅವರು? ಅವಸರ ಮಾಡಬೇಡಿ. ಮುಂದಿನ ವಾರ ಇಳೀರಿ."

ಅಜ್ಜಿ ಹೋದ ಮೇಲೆ ರಾಯರು ಗಾರೆಯ ಮೇಲೆ ಕೂತು ನಮೂನೆ ಬಿಡಿಸಿದರು. 'ವಾಸಕ್ಕೆ ಯೋಗ್ಯವಲ್ಲ' ಅಂತ ದೊಡ್ಡದಾಗಿ ಬರೆದರು. ಕೆಳಗಿನ ಸಾಲಿನಲ್ಲಿ 'ಸದ್ಯ ಮನೆಯಲ್ಲಿರುವವರು' ಅಂತಿತ್ತು. ಅಲ್ಲಿ ತಮ್ಮ ಹೆಸರನ್ನೇ ಬರೆದರು.