ನಿಂತ ಗಾಡಿಗೇನು ಅವಸರ

ಎಲ್ಲ ಕೆಟ್ಟದ್ದು ಒಂದು ಫ್ಯಾನ್ ಬೆಲ್ಟಿನಿಂದ. ಇಪ್ಪತ್ತೆರಡು ವರ್ಷ ಬಸ್ ಡಿಪೋದ ಗೇಟಿನಲ್ಲಿ ಕೂತು, ಯಾವ ಬಸ್ಸು ಎಷ್ಟು ನಿಮಿಷ ತಡ ಎಂದು ಕೆಂಪು ಶಾಯಿಯಲ್ಲಿ ಬರೆದ ಟೈಮ್‌ಕೀಪರನಿಗೆ, ಅವನ ಮೊದಲ ವಿದೇಶ ಪ್ರಯಾಣದಲ್ಲೇ ಬೆರಳಗಲದ ಒಂದು ರಬ್ಬರ್ ಪಟ್ಟಿ ಕೈಕೊಟ್ಟಿತು.

ಹೊರಟದ್ದು ಅಣ್ಣನ ಮಣ್ಣಿಗೆ. ಅಣ್ಣ ಅದೇ ಡಿಪೋದಲ್ಲಿ ಡ್ರೈವರಾಗಿದ್ದವನು. ಹನ್ನೊಂದು ವರ್ಷದ ಹಿಂದೆ, ದಾರಿಯಲ್ಲಿ ಕೆಟ್ಟು ನಿಂತಿದ್ದ ಇನ್ನೊಂದು ಬಸ್ಸನ್ನು ರಿಪೇರಿ ಮಾಡಿಕೊಟ್ಟು ನಲವತ್ತು ನಿಮಿಷ ತಡವಾಗಿ ಬಂದ. "ಕಾರಣ ಬರ್ಕೊಳ್ಳೋ," ಎಂದ. "ಈ ಪುಸ್ತಕದಲ್ಲಿ ಕಾರಣಕ್ಕೆ ಜಾಗ ಇಲ್ಲ," ಎಂದ ತಮ್ಮ. ಅದು ಅಣ್ಣನ ಹೆಸರಿನ ಮುಂದೆ ಬಿದ್ದ ಮೂರನೇ ಕೆಂಪು ಗೆರೆ. ಕೆಲಸ ಹೋಯಿತು. ಅವನು ಹೆಂಡತಿಯನ್ನು ಕರೆದುಕೊಂಡು ಗಡಿ ದಾಟಿದ. ಆಮೇಲೆ ಮಾತಿಲ್ಲ ಕತೆಯಿಲ್ಲ.

ನಿನ್ನೆ ಅತ್ತಿಗೆಯ ಫೋನು. "ನಾಳೆ ಮಣ್ಣು. ನಾಲ್ಕಕ್ಕೆ ಸ್ಮಶಾನದ ಗೇಟು ಮುಚ್ತಾರೆ. ಮುಖ ನೋಡೋದಿದ್ರೆ ಬಾಪ್ಪ."

"ಮೂರರ ಬಸ್ಸಿಗೆ ಬರ್ತೀನಿ ಅತ್ತಿಗೆ."

ಗಡಿಯಲ್ಲಿ ಸಿಕ್ಕಿದ್ದು ಒಂದೇ ದಿನದ ಪರವಾನಗಿ. ಸಂಜೆ ಆರರ ಬಸ್ಸಿಗೆ ವಾಪಸ್ಸಾಗಬೇಕು. ಅವನಿಗಿದ್ದ ಆಸೆ ಒಂದೇ. ಮಣ್ಣು ಬೀಳುವ ಮುಂಚೆ ಆ ಮುಖ ನೋಡಿ "ಕ್ಷಮಿಸೋ" ಅನ್ನಬೇಕು. ಆದರೆ ಹುಟ್ಟುಗುಣ ಸುಟ್ಟರೂ ಹೋಗದಂತೆ. ಮೂರರ ಬಸ್ಸು ತಡವಾದರೇನು ಗತಿ ಎಂದು ಅದಕ್ಕಿಂತ ಮುಂಚಿನ ಬಸ್ಸು ಹತ್ತಿ, ಎರಡೂಕಾಲಿಗೇ ಬಂದಿಳಿದ.

ನಿಲ್ದಾಣದ ಅಂಗಳ ನೋಡಿ ಅಲ್ಲೇ ನಿಂತ. ಆ ದೇಶಕ್ಕೆ ಹೊಸ ಕಾರು ಬಂದು ನಲವತ್ತು ವರ್ಷವಾಗಿತ್ತಂತೆ. ಎಲ್ಲ ಅಜ್ಜನ ಕಾಲದವು. ಒಂದರ ಮೂತಿ ಒಂದು ಕಂಪನಿಯದು, ಬೆನ್ನು ಇನ್ನೊಂದರದು. ಒಂದಕ್ಕೆ ಬೀರುವಿನ ಬಾಗಿಲು ಕೂರಿಸಿದ್ದರು, ಬೀಗದ ಕೈ ಇನ್ನೂ ನೇತಾಡುತ್ತಿತ್ತು. ಒಂದರಲ್ಲಿ ಡ್ರೈವರ್ ಕೂರಲು ಕ್ಷೌರದಂಗಡಿಯ ಕುರ್ಚಿ. ಮೂಲೆಯಲ್ಲಿದ್ದ ಕರಿ ಕಾರಿನ ಹಿಂಬದಿಗೆ ಬಸ್ಸಿನ ತಗಡು ಬೆಸೆದು ಉದ್ದ ಮಾಡಿ, ಕಿಟಕಿಗೆಲ್ಲ ಪರದೆ ಎಳೆದಿದ್ದರು.

ಕುರ್ಚಿಯ ಕಾರಿನವನು ಮೀಸೆ ತಿರುವುತ್ತ ಕರೆದ. ಹಿಂದಿನ ಸೀಟಿನಲ್ಲಿ ಆಗಲೇ ಒಬ್ಬಳು ಅಜ್ಜಿ ಕೂತಿದ್ದಳು. ಟೈಮ್‌ಕೀಪರ್ ಹತ್ತಿದ. ಕಾರು ಹತ್ತು ಮಾರು ಹೋಗಿ ಫಟ್ ಎಂದು ನಿಂತಿತು.

"ಬೆಲ್ಟ್ ಹೋಯ್ತು," ಎಂದ ಮೀಸೆಯವನು, ಮಳೆ ನಿಂತಿತು ಎಂಬಷ್ಟು ಸಲೀಸಾಗಿ. "ಹೆದರ್ಬೇಡಿ ಸಾರ್. ನಮ್ಮೂರಲ್ಲಿ ಓಡೋ ಗಾಡಿ ಕೆಟ್ರೆ ನಿಂತ ಗಾಡಿಯಿಂದ ಬಿಚ್ಕೋತೀವಿ. ಅವರಿಗೆ ಬೇಕಾದಾಗ ಅವರು ಇನ್ನೊಂದರಿಂದ ಬಿಚ್ಕೋತಾರೆ. ಆದ್ರೆ ಡ್ರೈವರನ್ನ ಕೇಳಿಯೇ ಬಿಚ್ಬೇಕು."

ಎಲ್ಲ ಕಾರುಗಳ ಬಾನೆಟ್ ಎತ್ತಿ ನೋಡಿದ್ದಾಯಿತು. ಆ ಅಳತೆಯ ಬೆಲ್ಟು ಇದ್ದದ್ದು ಉದ್ದನೆಯ ಕರಿ ಕಾರಿನಲ್ಲಿ ಮಾತ್ರ. ಅದರ ಡ್ರೈವರ್ ಪತ್ತೆಯಿಲ್ಲ.

"ಒಳಗೆ ಯಾರಿಗೋ ಕಾಯ್ತಿದಾನೆ," ಎಂದಳು ಅಜ್ಜಿ. "ಆ ಗಾಡಿ ಬೆಳಗ್ಗೆ ಮದುವೆಗೆ ಹೋಗುತ್ತೆ, ಮಧ್ಯಾಹ್ನ ಮಂಚ ಹೊರುತ್ತೆ. ಇವತ್ತೇನು ತುಂಬಿದಾನೋ."

"ಸ್ವಲ್ಪ ಕಾಯೋಣ ಸಾರ್."

ಕಾದರು. ಟೈಮ್‌ಕೀಪರ್ ತನ್ನ ಚೀಲವನ್ನು ಕರಿ ಕಾರಿನ ಮೇಲಿಟ್ಟು, ಅದರ ನೆರಳಿನಲ್ಲಿ ತಗಡಿಗೆ ಬೆನ್ನು ಕೊಟ್ಟು ಕೂತ. ಅರ್ಧ ಗಂಟೆ ಗಡಿಯಾರ ನೋಡಿದ. ಬೇಸತ್ತು ಬೆರಳಿನ ಗೆಣ್ಣಿನಿಂದ ತಗಡನ್ನು ಎರಡು ಸಲ ಕುಟ್ಟಿದ. ಯಾರೂ ಓಗೊಡಲಿಲ್ಲ.

ಕೊನೆಗೆ ಎದ್ದು ನಿಂತು ಕೂಗಿದ: "ಇಪ್ಪತ್ತೆರಡು ವರ್ಷದ ಅನುಭವದಿಂದ ಹೇಳ್ತಿದೀನಿ, ನಿಂತ ಗಾಡಿಗೇನ್ರೀ ಅವಸರ? ಬಿಚ್ರೀ!"

"ಕೇಳ್ದೆ ಬಿಚ್ಚಿದ್ರೆ ಪಾಪ ಕಣಪ್ಪ," ಎಂದಳು ಅಜ್ಜಿ.

"ಪಾಪ ನನಗಿರಲಿ!" ಎಂದು ಅವನು ಜೇಬಿನಿಂದ ಪೆನ್ನು ತೆಗೆದು ಒಂದು ಚೀಟಿ ಬರೆದ. "ಅಣ್ಣನ ಮಣ್ಣಿಗೆ ಹೋಗಬೇಕು. ಬೆಲ್ಟ್ ತೆಗೆದುಕೊಂಡಿದ್ದೇನೆ. ಕ್ಷಮಿಸಿ." ಚೀಟಿಯನ್ನು ಕರಿ ಕಾರಿನ ವೈಪರಿಗೆ ಸಿಕ್ಕಿಸಿ, ಚೀಲ ಎತ್ತಿಕೊಂಡ. ಮೀಸೆಯವನು ಬೆಲ್ಟು ಬಿಚ್ಚಿ ತನ್ನ ಗಾಡಿಗೆ ಹಾಕಿದ.

ಊರಾಚೆಯ ಸ್ಮಶಾನ ಮುಟ್ಟಿದಾಗ ಮೂರೂ ನಲವತ್ತು. ಮೀಸೆಯವನು ಅವನನ್ನು ಇಳಿಸಿ, ಅಜ್ಜಿಯನ್ನು ಕೂರಿಸಿಕೊಂಡು ಮುಂದಿನ ಹಳ್ಳಿಗೆ ಹೋದ. ಗುಂಡಿ ತೋಡಿ ಆಗಿತ್ತು. ಪಕ್ಕದಲ್ಲಿ ಅತ್ತಿಗೆ ಒಬ್ಬಳೇ ನಿಂತಿದ್ದಳು, ಹನ್ನೊಂದು ವರ್ಷಕ್ಕೆ ಇಪ್ಪತ್ತು ವರ್ಷ ಹಣ್ಣಾಗಿ.

"ಅಯ್ಯೋ, ಒಬ್ನೇ ಬಂದ್ಯಾ?" ಎಂದಳು ಅವಳು.

"ಅಣ್ಣ ಎಲ್ಲಿ, ಅತ್ತಿಗೆ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಗೇಟಿಗೆ ಸೈಕಲ್ಲೊಂದು ಬಡಿದು, ಚಕ್ರ ಸೊಟ್ಟಗಾಗಿ ಬಿತ್ತು. ಬೆವರಿಳಿಸುತ್ತ ಒಬ್ಬ ಓಡಿಬಂದ.

"ಅಮ್ಮಾ, ಮೂರರ ಬಸ್ಸಲ್ಲಿ ನಿಮ್ಮ ಮೈದುನ ಬರ್ಲಿಲ್ಲ. ವಾಪಸ್ ಬಂದು ನೋಡಿದ್ರೆ ಗಾಡಿಗೆ ಬೆಲ್ಟೇ ಇಲ್ಲ! ಯಾವನೋ ಪುಣ್ಯಾತ್ಮ ಬಿಚ್ಕೊಂಡು ಹೋಗಿದಾನೆ. ಅವನ ಅಣ್ಣಂಗೆ ಮಣ್ಣಾಗ್ಬೇಕಂತೆ, ನಮ್ಮ ಯಜಮಾನ್ರು ಗಾಡಿಯೊಳಗೆ ಬಿಸಿಲಲ್ಲಿ ಕಾಯ್ಬೇಕಂತೆ. ಸ್ಟ್ಯಾಂಡೆಲ್ಲ ಹುಡುಕಿದೆ, ಆ ಅಳತೇದು ಇನ್ನೊಂದಿಲ್ಲ." ಚೀಟಿಯನ್ನು ಅವಳ ಕೈಗಿಟ್ಟ.

ಅತ್ತಿಗೆ ಚೀಟಿಯ ಕೆಂಪು ಅಕ್ಷರ ನೋಡಿದಳು. ಆಮೇಲೆ ಟೈಮ್‌ಕೀಪರನ ಜೇಬಿನ ಪೆನ್ನು ನೋಡಿದಳು.

"ದಾರೀಲೇ ನೀನು ಮುಖ ನೋಡ್ಕೊಂಡು ಅಣ್ಣನ ಜೊತೆಗೇ ಬರ್ಲಿ ಅಂತ, ಅವರನ್ನ ಆ ಗಾಡೀಲಿ ಮಲಗಿಸಿ ಬಸ್ ಸ್ಟ್ಯಾಂಡಿಗೆ ಕಳಿಸಿದ್ದೆ ಕಣಪ್ಪ," ಎಂದಳು.

ಟೈಮ್‌ಕೀಪರನಿಗೆ ಬೆನ್ನಿಗೆ ತಾಗಿದ್ದ ತಗಡಿನ ತಂಪು ನೆನಪಾಯಿತು. ತಾನು ಕುಟ್ಟಿದ್ದೂ ನೆನಪಾಯಿತು. ಅಲ್ಲೇ ಮಣ್ಣಿನ ರಾಶಿಯ ಮೇಲೆ ಕುಸಿದು, ಸಂಕೋಚವಿಲ್ಲದೆ ಅತ್ತ. ನಡೆದರೆ ನಿಲ್ದಾಣ ಎರಡು ಗಂಟೆಗೂ ಮೇಲಿನ ದಾರಿ; ಮುಟ್ಟುವಷ್ಟರಲ್ಲಿ ಆರಾಗುತ್ತದೆ, ಮುಖ ನೋಡಲು ನಿಂತರೆ ಬಸ್ಸೂ ಇಲ್ಲ, ಪರವಾನಗಿಯೂ ಇಲ್ಲ. ಆರರ ಬಸ್ಸು ಯಾರಿಗೂ ಕಾಯುವುದಿಲ್ಲ ಎಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

ಸರಿಯಾಗಿ ನಾಲ್ಕಕ್ಕೆ ಸ್ಮಶಾನದ ಕಾವಲುಗಾರ ಒಂದು ದಪ್ಪ ಪುಸ್ತಕ ಹಿಡಿದು ಬಂದ.

"ಹೆಣ ಬರ್ಲಿಲ್ಲ, ಇನ್ನು ಮಣ್ಣು ನಾಳೆ ಬೆಳಗ್ಗೇನೇ. ಯಾಕೆ ತಡ ಅಂತ ಸಂಬಂಧಿಕರು ಬರೆದು ಸಹಿ ಹಾಕ್ಬೇಕು." ಬೆರಳಿಟ್ಟು ತೋರಿಸಿದ. "ಇಲ್ಲಿ. ಕಾರಣಕ್ಕೆ ಬೇಕಾದಷ್ಟು ಜಾಗ ಇದೆ."

ಟೈಮ್‌ಕೀಪರ್ ಪೆನ್ನು ತೆಗೆದ. ಅಂಗೈಯಗಲದ ಆ ಜಾಗದಲ್ಲಿ "ತಮ್ಮ" ಎಂದಷ್ಟೇ ಬರೆದು ಸಹಿ ಹಾಕಿದ.