ಬ್ಯಾನರಿನಲ್ಲಿ ಬಾಳುವಿನ ಮುಖ

"ನಿನ್ನ ಡಬ್ಬಿಗೆ ಬೆಂಕಿ ಹಚ್ಚಲೇ ನಿಜಗುಣ್ಯಾ! ನಾಲ್ಕಕ್ಕ ಮೆರವಣಿಗಿ ಐತಿ, ಇದು ಕೆಸರಾಗ ಎಮ್ಮಿ ಕುಂತಂಗ ಕುಂತೈತಿ!"

"ಬಾಯಿ ಬಿಗಿ ಹಿಡದು ಮಾತಾಡೋ ಶಟ್ಟೆಪ್ಪ! ಒಂದ ಬ್ಯಾನರಿನ್ಯಾಗ ನಲವತ್ತ ಮಂದಿ ಮಾರಿ ತುರುಕಂದವ ನೀನು. ಇದೇನ ಕಂಪ್ಯೂಟರೋ, ಜಾತ್ರಿ ಬಸ್ಸೋ?"

ಸವದತ್ತಿ ಬಸ್ ನಿಲ್ದಾಣದ ಎದುರಿನ ನಿಜಗುಣಪ್ಪನ ಬ್ಯಾನರ್ ಅಂಗಡಿಯಲ್ಲಿ ಕಂಪ್ಯೂಟರಿನ ಪರದೆ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಮೇಲ್ಗಡೆ 'ನಾಟ್ ರಿಸ್ಪಾಂಡಿಂಗ್' ಎಂಬ ಎರಡು ಮಾತು. ಆ ಬಿಳುಪಿನ ಹಿಂದೆ ನೀಲಪ್ಪನ ನಗು ಮತ್ತು ಬಾಳುವಿನ ಒಂದು ಕಣ್ಣು ಮಸುಕಾಗಿ ಸಿಕ್ಕಿಕೊಂಡಿದ್ದವು.

ಹತ್ತಿರದ ಹೂಲಿ ಗ್ರಾಮದ ಸಹಕಾರಿ ಸಂಘದಲ್ಲಿ ಅಂದು ಮೂರು ಗಂಟೆಗೆ ಅಧ್ಯಕ್ಷರ ಆಯ್ಕೆ. ಶಟ್ಟೆಪ್ಪನ ಭಾವ ನೀಲಪ್ಪ ಅವಿರೋಧವಾಗಿ ಆರಿಸಿ ಬರುವುದು ಪಕ್ಕಾ ಆಗಿತ್ತು. ಎದುರಾಳಿ ಬಾಳು ಸುಮ್ಮನಿರಲು ಒಪ್ಪಿದ್ದು ಒಂದೇ ಕರಾರಿನ ಮೇಲೆ: ಬ್ಯಾನರಿನಲ್ಲಿ ಅವನ ಮುಖ ನೀಲಪ್ಪನ ಮುಖದಷ್ಟೇ ದೊಡ್ಡದಿರಬೇಕು, ಒಂದು ಬೆರಳೂ ಕಡಿಮೆಯಾಗಕೂಡದು. ಆ ಮುಖವನ್ನು ಎಳೆದು ಹಿಗ್ಗಿಸಲು ಹೋದಾಗಲೇ ಕಂಪ್ಯೂಟರು ಕೈಕಾಲು ಬಿಟ್ಟಿತ್ತು.

ಜಗಳ ಕೇಳಿ ಪಕ್ಕದ ದರ್ಜಿ ಗೌತಮ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿಬಂದ. "ಮೌಸ್ ಜೋರ ಒತ್ರಿ" ಎಂದು ತಾನೇ ಮುಂದಾಗಿ ಹೊಲಿಗೆ ಯಂತ್ರ ತುಳಿದ ಹಾಗೆ ಕಟಕಟ ಒತ್ತಿದ. ಚಹಾದಂಗಡಿಯ ಬಾಯವ್ವ "ಪಾಪ, ದೃಷ್ಟಿ ಆಗೇತಿ" ಎಂದು ಎಲ್ಲಮ್ಮನ ಭಂಡಾರ ತಂದು ಪರದೆಗೆ ಬಳಿದಳು. ಅರ್ಧ ಅರಿಷಿಣ ಕೀಬೋರ್ಡಿನ ಸಂದಿಗೆ ಉದುರಿತು. ಪರದೆಯೊಳಗಿನ ನೀಲಪ್ಪ ಮದುಮಗನಂತೆ ಹಳದಿಯಾದ; ಕಂಪ್ಯೂಟರು ಮಾತ್ರ ಮಿಸುಕಲಿಲ್ಲ.

"ಕರೆಂಟಿನ ಪಿನ್ನ ಕಿತ್ತ ಹಾಕಲೇನು?" ಎಂದು ಶಟ್ಟೆಪ್ಪ ಬಗ್ಗಿದ.

"ಏ, ಕೈ ತಗಿ! ಇದಕ್ಕೊಂದ ಪದ್ಧತಿ ಐತಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡೇ ಒತ್ತಬೇಕು. ಎಲ್ಲಾದರ ಹೆಸರೂ ಬರತಾವು. ಯಾವುದು ನಿಂತೈತಿ, ಅದನ್ನ ಹಿಡದು 'ಎಂಡ್ ಟಾಸ್ಕ್' ಒತ್ತಬೇಕು. ಅದೊಂದ ಸಾಯತೈತಿ, ಉಳದಾವು ಬದುಕತಾವು."

"ಮತ್ತ ಒತ್ತೋ ಮಾರಾಯಾ!"

"ಒತ್ತಿದ್ರ ಮಾಡಿದ್ದೆಲ್ಲಾ ಹೋಗತೈತಿ. ಸೇವ್ ಮಾಡಿಲ್ಲ."

"ಯಾಕ ಮಾಡಿಲ್ಲ?"

"ನೀ ಎಲ್ಲಿ ಬಿಟ್ಟಿ? ಒಮ್ಮಿ ಮಾವನ್ನ ಮ್ಯಾಲ ಏರಸಂದಿ, ಒಮ್ಮಿ ಕಾಕಾನ್ನ ಕೆಳಗ ಇಳಸಂದಿ. ನಿಮ್ಮ ಬೀಗರನ್ನ ಕುಂದರಸೂದ್ರಾಗ ನನಗ ಉಸರ ಬಿಡಾಕ ಪುರಸೊತ್ತ ಇತ್ತೇನು?"

ಬೇರೆ ದಾರಿಯಿರಲಿಲ್ಲ. ನಿಜಗುಣಪ್ಪ ಹಲ್ಲು ಕಚ್ಚಿ ಮೂರು ಕೀಲಿ ಅದುಮಿದ, ಎಂಡ್ ಟಾಸ್ಕ್ ಒತ್ತಿದ. ಊಟದ ಪಂಕ್ತಿ ಎದ್ದ ಹಾಗೆ ನಲವತ್ತು ಮುಖಗಳೂ ಒಮ್ಮೆಗೇ ಎದ್ದುಹೋದವು.

ಮತ್ತೆ ಮೊದಲಿನಿಂದ ಶುರು. ಈ ಸಲ ಮುಖಕ್ಕೊಮ್ಮೆ ಸೇವ್ ಮಾಡುತ್ತ ಹೋದ. ಬಾಳುವಿನ ಸರದಿ ಬಂದಾಗ ಯಂತ್ರ ಗುರುಗುಟ್ಟಿತು. ನಿಜಗುಣಪ್ಪ ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ.

"ಈ ಮಾರಿ ದೊಡ್ಡದ ಮಾಡಿದ್ರ ಮತ್ತ ನಿಂದರತೈತಿ ನೋಡಪಾ."

"ಸಣ್ಣದ ಮಾಡಿ ಮೂಲ್ಯಾಗ ಕುಂದರ್ಸು. ಮೆರವಣಿಗಿ ಗದ್ದಲದಾಗ ಯಾರ ಅಳತಿ ಹಿಡೀತಾರ?"

"ಅಂವ ಸಿಟ್ಟಿಗೆದ್ರ?"

"ಏಳ್ಲಿ ಬಿಡ! ಅಷ್ಟೊತ್ತಿಗೆ ನಮ್ಮ ಭಾವ ಕುರ್ಚಿ ಮ್ಯಾಲ ಕುಂತಿರತಾನ."

ಬಾಳು ಅಂಚೆಚೀಟಿಯಷ್ಟಾಗಿ ಮೂಲೆ ಸೇರಿದ. ಮೂರಕ್ಕೆ ಸ್ವಲ್ಪ ಮುಂಚೆ ಬ್ಯಾನರು ಹೊರಬಂತು. ಶಟ್ಟೆಪ್ಪನ ಸಿಟ್ಟೆಲ್ಲ ಇಳಿಯಿತು. ಎಲ್ಲರಿಗೂ ಚಹಾ ಹೇಳಿದ. ತಡೆಯಲಾರದೆ ಬ್ಯಾನರಿನ ಫೋಟೋ ಹೊಡೆದು ಊರಿನ ಗ್ರೂಪಿಗೆ ಹಾಕಿಯೂ ಬಿಟ್ಟ.

ಬಾಯವ್ವ ಮೂರೂಕಾಲಿಗೆ ಚಹಾ ತಂದು ಕೈಗಿಡುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಆ ಕಡೆಯಿಂದ ನೀಲಪ್ಪ ಕಿರುಚಿದ್ದು ಇಡೀ ಅಂಗಡಿಗೆ ಕೇಳಿಸಿತು.

"ಗ್ರೂಪಿಗೆ ಯಾಕ ಹಾಕಿದ್ಯೋ ಮೂಳಾ? ಮೂಲ್ಯಾಗ ತನ್ನ ಮಾರಿ ನೋಡಿ ಬಾಳು 'ನಾನೂ ಅಧ್ಯಕ್ಷಗಿರಿಗೆ ನಿಲ್ಲತೇನಿ' ಅಂತ ಎದ್ದ ನಿಂತ! ಎಲ್ಲಾರೂ ಅವಗ ಕೈ ಎತ್ತಿದ್ರು! ಅಧ್ಯಕ್ಷ ಆಗೇಬಿಟ್ಟ!"

ಶಟ್ಟೆಪ್ಪನ ಮುಖ ನಿಂತುಹೋದ ಪರದೆಯಂತೆ ಬೆಳ್ಳಗಾಯಿತು. "ಒಂದ ಚಹಾ ಕುಡದ ಬರತೇನಿ" ಎಂದು ಚಪ್ಪಲಿ ಮೆಟ್ಟಿದ.

"ಚಹಾ ನಿಮ್ಮ ಕೈಯಾಗ ಐತಲ್ರೀ!" ಅಂದಳು ಬಾಯವ್ವ.

ಅವನು ಕಪ್ಪನ್ನು ಕೀಬೋರ್ಡಿನ ಪಕ್ಕ ಕುಕ್ಕಿದ. ಅರ್ಧ ಚಹಾ ಕೀಲಿಗಳ ಮೇಲೆ ಚೆಲ್ಲಿತು. ಬ್ಯಾನರಿನ ದುಡ್ಡೂ ಕೊಡದೆ, ತಿರುಗಿಯೂ ನೋಡದೆ ಬೈಕು ಹತ್ತಿ ಹೋದ.

ನೆಲದ ಮೇಲಿನ ಬ್ಯಾನರಿನಲ್ಲಿ ಉದ್ದಕ್ಕೆ ಮಲಗಿ ನಗುತ್ತಿದ್ದ ನೀಲಪ್ಪನನ್ನು ನಿಜಗುಣಪ್ಪ ಸುರುಳಿ ಸುತ್ತುತ್ತಿದ್ದಾಗ ಅವನ ಫೋನೂ ಬಡಿದುಕೊಂಡಿತು.

"ನಮಸ್ಕಾರ್ರೀ ನಿಜಗುಣಪ್ಪಣ್ಣಾ, ನಾ ಬಾಳು. ನಾಲ್ಕಕ್ಕ ನಮ್ಮ ಮೆರವಣಿಗಿ ಐತ್ರಿ. ಹೊಸಾ ಬ್ಯಾನರ್ ಬೇಕು. ಬ್ಯಾರೆ ಯಾರ ಮಾರೀನೂ ಬ್ಯಾಡ್ರಿ, ನಂದೊಂದ ಸಾಕು. ಖರೆ, ಈ ತುದಿಯಿಂದ ಆ ತುದೀಗಿ ಇರಬೇಕ ನೋಡ್ರಿ. ಇಲ್ಲಂದ್ರ ನನ್ನ ಮಾರಿ ಅಷ್ಟ ಸಣ್ಣದ ಮಾಡಿದವ ಯಾಂವ ಅಂತ ನಮ್ಮ ಮಂದಿ ಕೇಳಾಕ ಬರತಾರ."

ನಿಜಗುಣಪ್ಪ ಬೆವರು ಒರೆಸಿಕೊಂಡು ಬಾಳುವಿನ ಮುಖ ಹಿಡಿದೆಳೆದ. ಅದು ರೊಟ್ಟಿಯಷ್ಟಾಯಿತು, ಮೊರದಷ್ಟಾಯಿತು, ಅಲ್ಲಿಗೆ ನಿಂತಿತು. ಪರದೆ ಬೆಳ್ಳಗಾಯಿತು. ಮೂರು ಕೀಲಿ ಒತ್ತಲು ಹೋದ. ಚಹಾದಲ್ಲಿ ಕಲಸಿದ ಭಂಡಾರ ಗಾರೆಯಂತೆ ಹಿಡಿದು, ಎಸ್ಕೇಪ್ ಕೀಲಿ ಒಮ್ಮೆ ಕೆಳಗೆ ಹೋದದ್ದು ಮೇಲೆ ಬರಲೇ ಇಲ್ಲ.

ನಿಜಗುಣಪ್ಪ ಮೆಲ್ಲಗೆ ಎದ್ದು ಚಪ್ಪಲಿ ಹುಡುಕಿದ.

"ಎಲ್ಲಿಗ್ರೀ?" ಅಂದ ಗೌತಮ.

"ಒಂದ ಚಹಾ ಕುಡದ ಬರತೇನಿ."

ಗಿರಾಕಿ ಬಂತೆಂದು ಬಾಯವ್ವ ತನ್ನ ಅಂಗಡಿಗೆ ಓಡಿ ಒಲೆ ಹಚ್ಚಿದಳು. ಅವಳು ಚಹಾ ಸೋಸಿ ತಲೆಯೆತ್ತುವ ಹೊತ್ತಿಗೆ ನಿಜಗುಣಪ್ಪನನ್ನು ಹತ್ತಿಸಿಕೊಂಡ ರಾಮದುರ್ಗದ ಬಸ್ಸು ನಿಲ್ದಾಣ ದಾಟಿ ಹೋಗಿತ್ತು.