ಒಂದನೇ ನಂಬರಿನ ಹಿಂದಿನ ಕಟ್ಟೆ

ಕಂಪ್ಯೂಟರ್ ಮುಂದೆ ಕೂತವನಿಗೆ ಫಜೀತಿ ತಪ್ಪಿದ್ದಲ್ಲ. ನನ್ನಂಥ ಹುಷಾರ್ ಮನುಷ್ಯನಿಗೆ ಅದು ಇನ್ನೂ ಜಾಸ್ತಿ, ಯಾಕೆಂದರೆ ದಡ್ಡರು ಏನನ್ನೂ ಮುಟ್ಟಲಿಕ್ಕೇ ಹೋಗುವುದಿಲ್ಲ.

ಸೇಡಂ ಹತ್ತಿರದ ನಮ್ಮೂರು ಮುಧೋಳದಲ್ಲಿ ಕಂಪ್ಯೂಟರ್ ಬಿಚ್ಚಿ ಮತ್ತೆ ಜೋಡಿಸಿದ ಮೊದಲ ಗಂಡು ನಾನು. ಜೋಡಿಸಿದ ಮೇಲೆ ಕೆಲವು ಸ್ಕ್ರೂ ಉಳಿದವು, ಅದು ಬೇರೆ ಮಾತು. ಕಂಪನಿಯವರು ಹೆಚ್ಚಿಗೇ ಹಾಕಿರುತ್ತಾರೆ. ಎರಡು ಸಾವಿರದ ಆರು-ಏಳರ ಸುಮಾರಿಗೆ ಸೇಡಂನ ಒಂದು ನೆಟ್ ಕೆಫೆಯಲ್ಲಿ ನಾನೇ ಉಸ್ತಾದ. ಗಲ್ಲಾಪೆಟ್ಟಿಗೆ ಮುಂದೆ ಶೇಠ್ ಕೂಡುತ್ತಿದ್ದರು, ಉಳಿದದ್ದೆಲ್ಲ ನನ್ನ ರಾಜ್ಯ. ಅಲ್ಲಿ ಎಲ್ಲರೂ ಆಡುತ್ತಿದ್ದ ಒಂದು ಪರದೇಶದ ಲಾರಿ ಆಟ ಇತ್ತು. ರಸ್ತೆ ನೋಡಿದರೆ ಎಣ್ಣೆ ಸವರಿದ ಹಾಗೆ ನುಣುಪು. ಒಂದು ತಗ್ಗಿಲ್ಲ, ಒಂದು ಎಮ್ಮೆಯಿಲ್ಲ. ಇದೇನು ಡ್ರೈವಿಂಗ್! ಆ ಆಟದ ಹೊಟ್ಟೆ ಬಗೆದು ಅದರೊಳಗೆ ನಮ್ಮ ರಸ್ತೆಗಳನ್ನು ಕೂರಿಸುತ್ತೇನೆ ಎಂದು ಶಪಥ ಮಾಡಿದೆ.

ಜೊತೆಗೆ ಸಿಕ್ಕವನು ವಾಡಿಯ ಗೆಳೆಯ, ರೈಲ್ವೇ ಕ್ವಾರ್ಟರ್ಸಿನ ಹುಡುಗ. ನಾನು ರಸ್ತೆ, ಸೇತುವೆ, ತಗ್ಗು ಮಾಡುವವನು. ಅವನು ಮನೆ, ಮರ, ಗೋಡೆ ಬರೆಯುವವನು. ಸೇಡಂನಿಂದ ಚಿತ್ತಾಪುರ, ವಾಡಿ, ಅಲ್ಲಿಂದ ಶಹಾಬಾದ. ಇತ್ತ ಚಿಂಚೋಳಿ ಕಾಡಿನ ಅಂಚಿಗೆ ನಮ್ಮ ನಕ್ಷೆ ಮುಗಿಯುತ್ತಿತ್ತು. ಅದರಾಚೆ ಹೋದ ಲಾರಿ ಸೀದಾ ಆಕಾಶಕ್ಕೆ ಬೀಳುತ್ತಿತ್ತು.

ಡಬ್ಬಿಯೊಳಗಿನ ಸಿಡಿ

ಗೆಳೆಯನ ಅಪ್ಪ ಹಳಿ ದುರಸ್ತಿ ಮಾಡುವ ರೈಲ್ವೇ ಗ್ಯಾಂಗ್‌ಮನ್. ನಾನು ಅವರಿಗೆ ಕಾಕಾ ಅನ್ನುತ್ತಿದ್ದೆ. ಅವರ ಕ್ವಾರ್ಟರ್ ಮುಂದೆ ಒಂದು ಬೇವಿನ ಮರ. ಅದರ ಬುಡಕ್ಕೆ ಕಾಕಾ ಶಹಾಬಾದ ಫರಸಿಯ ಒಡಕು ಕಲ್ಲು ಆರಿಸಿ ತಂದು, ತಾವೇ ಒಂದು ಕಟ್ಟೆ ಕಟ್ಟಿದ್ದರು. ಒಂದು ಕಲ್ಲಿನ ಮೇಲೆ ಚೌಕಾಬಾರಾ ಆಡಲು ಮನೆಗಳನ್ನು ಕೊರೆದಿದ್ದರು. ಡ್ಯೂಟಿ ಮುಗಿಸಿ ಬಂದವರು ಮನೆಯೊಳಗೆ ಹೋಗುವ ಮೊದಲು ಅಲ್ಲಿ ಕೂಡಬೇಕು. ಅದಿಲ್ಲದೆ ಅವರಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವರ ರಿಟೈರ್‌ಮೆಂಟ್ ಹತ್ತಿರ ಬಂದಿತ್ತು. ಆಮೇಲೆ ಕ್ವಾರ್ಟರ್ ಬಿಡಬೇಕು, ಆ ಸಾಲಿನ ಹಳೆ ಮನೆಗಳನ್ನೆಲ್ಲ ಕೆಡವುತ್ತಾರೆ ಎಂಬ ಸುದ್ದಿ. ಒಂದು ದಿನ ಕಾಕಾ ಮಗನಿಗೆ ಹೇಳಿದರು: "ಊರ ಮಂದಿ ಮನಿ ಎಲ್ಲಾ ಆ ಡಬ್ಬಿಯಾಗ ತುಂಬಲಿಕತ್ತೀರಿ. ನಂದೊಂದು ಕಟ್ಟಿ ಹಾಕಿಡ್ರಪ್ಪಾ. ನೆನಪಾದಾಗ ಬಂದು ನೋಡ್ತೀನಿ."

ಗೆಳೆಯ ಆ ಗಲ್ಲಿಯನ್ನು ಬರೆದ ಬಗೆ ಏನು ಹೇಳಲಿ! ಕಲ್ಲಿನ ಬಿರುಕು ಸಹ ಬಿಡಲಿಲ್ಲ, ಚೌಕಾಬಾರಾ ಮನೆ ಸಹ ಬಿಡಲಿಲ್ಲ. ಅದನ್ನು ಸಿಡಿಗೆ ಹಾಕಿ, ಒಡೆಯಬಾರದೆಂದು ಊಟದ ಡಬ್ಬಿಯಲ್ಲಿ ರೊಟ್ಟಿಗಳ ನಡುವೆ ಇಟ್ಟು, ಪ್ಯಾಸೆಂಜರ್ ಗಾಡಿಯ ಗುರುತಿನ ಗಾರ್ಡ್ ಕೈಯಲ್ಲಿ ಸೇಡಂಗೆ ಕಳಿಸಿದ. ಮೇಲಿನ ಡಬ್ಬಿಯಲ್ಲಿದ್ದ ಶೇಂಗಾ ಹಿಂಡಿಯ ಎಣ್ಣೆ ವಾಡಿಯಿಂದ ಸೇಡಂವರೆಗೆ ಸಿಡಿಯ ಮೇಲೆ ಇಳಿದಿತ್ತು.

ಸಂಜೆ ಊರಿಗೆ ಬಂದವನು ಡಬ್ಬಿಯನ್ನು ಅವ್ವನ ಕೈಗೆ ಕೊಟ್ಟು ಮುಖ ತೊಳೆಯಲು ಹೋದೆ. ವಾಪಸ್ ಬರುವಷ್ಟರಲ್ಲಿ ಅವ್ವ ಬಚ್ಚಲ ಹತ್ತಿರ ಕೂತು, ಸಿಡಿಗೆ ಬೂದಿ ಹಚ್ಚಿ, ತೆಂಗಿನ ನಾರಿನಿಂದ ಗಸಗಸ ತಿಕ್ಕುತ್ತಿದ್ದಾಳೆ.

"ಯವ್ವಾ! ಏನ್ ಮಾಡ್ಲಿಕತ್ತಿ?"

"ಜಿಡ್ಡು ಹತ್ತಿತ್ತಪ್ಪಾ. ಹಂಗೇ ವಾಪಸ್ ಕೊಟ್ರ ಆ ತಾಯಿ ಏನಂದಾಳು? ಮುಧೋಳದವರಿಗಿ ತಾಟು ತಿಕ್ಕಲಿಕ್ಕ ಬರಂಗಿಲ್ಲ ಅಂದಾಳು." ಅವ್ವ ಸಿಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಆದ್ರ ಆಕಿಗೂ ಜರಾ ಹೇಳು. ತಾಟು ಚಂದ ಅದ, ಖರೇ, ನಡುವ ತೂತು ಬಿದ್ದದ. ಸಾರು ನಿಂದ್ರಂಗಿಲ್ಲ."

ದೇವರಾಣೆ ಫೈನಲ್

ಸಿಡಿ ಹೋದದ್ದಕ್ಕೆ ಆಗ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಗೆಳೆಯನ ಕಂಪ್ಯೂಟರಿನಲ್ಲಿ ಗಲ್ಲಿ ಭದ್ರವಾಗಿತ್ತಲ್ಲ, ಏನು ಚಿಂತೆ? ಮುಂದಿನ ರವಿವಾರ ಪೆನ್‌ಡ್ರೈವಿನಲ್ಲಿ ತಂದ. ನಮ್ಮ ಪದ್ಧತಿ ಸರಳ. ಕೆಲಸ ಮುಗಿದ ಫೋಲ್ಡರಿಗೆ 'ಫೈನಲ್' ಎಂದು ಹೆಸರು. ಮರುದಿನ ಏನಾದರೂ ಬದಲಾದರೆ 'ಪಕ್ಕಾ ಫೈನಲ್'. ಅದರ ಮೇಲೆ 'ಖರೇ ಪಕ್ಕಾ ಫೈನಲ್'. ಆಮೇಲೆ 'ದೇವರಾಣೆ ಫೈನಲ್'.

ಕಾಕಾನ ಗಲ್ಲಿಯಲ್ಲಿ ಒಂದೇ ತಕರಾರು. ಲಾರಿ ತಿರುಗಿಸಲು ಹೋದರೆ ಪ್ರತಿ ಸಲ ಕಟ್ಟೆಗೆ ಬಡಿದು ಪಲ್ಟಿ. ಕೆಫೆಗೆ ಬಂದ ಗಿರಾಕಿಗಳು ನಗುತ್ತಿದ್ದರು. ನನ್ನ ರಸ್ತೆಯಲ್ಲಿ ಲಾರಿ ಪಲ್ಟಿಯಾಗುವುದೆಂದರೆ ನನಗೆ ಮರ್ಯಾದೆಯ ಪ್ರಶ್ನೆ.

"ರಸ್ತಾ ಅಗಲ ಮಾಡಿಬಿಡಮ್," ಅಂದೆ.

"ಅಪ್ಪನ ಕಟ್ಟಿ ಹೋಗ್ತದಲ್ಲೋ," ಅಂದ ಗೆಳೆಯ.

"ಎಲ್ಲಿ ಹೋಗ್ತದ? ಹಳೇದು ಹಳೇ ಫೈನಲ್‌ದಾಗ ಇರ್ತದ. ಆಟಕ್ಕ ಇದು, ಕಾಕಾಗ ಅದು."

ಒಪ್ಪಿದ. ಕಟ್ಟೆ ತೆಗೆದೆವು, ಲಾರಿ ರಾಜನ ಹಾಗೆ ತಿರುಗಿತು, ಗಿರಾಕಿಗಳು ಸೀಟಿ ಹೊಡೆದರು. ಮುಂದೆ ಪೆನ್‌ಡ್ರೈವ್ ತುಂಬಿತು, ಕಂಪ್ಯೂಟರೂ ತುಂಬಿತು. ಅವನ ಕಡೆ ಇದ್ದೇ ಇದೆ ಎಂದು ನಾನು ಹಳೆ ಫೈನಲ್‌ಗಳನ್ನೆಲ್ಲ ಅಳಿಸಿದೆ. ನನ್ನ ಕಡೆ ಇದ್ದೇ ಇದೆ ಎಂದು ಅವನು ವಾಡಿಯಲ್ಲಿ ಅಳಿಸಿದ. ಅಷ್ಟು ಅಚ್ಚುಕಟ್ಟಾಗಿ ಇಬ್ಬರೂ ಕೂಡಿ ಮಾಡಿದ ಕೆಲಸ ಇಡೀ ಆಟದಲ್ಲಿ ಇನ್ನೊಂದಿಲ್ಲ.

ಬೆಂಕಿ

ಒಂದು ದಿನ ಇಂಟರ್ನೆಟ್ಟಿನಲ್ಲಿ ಹುಡುಕುವಾಗ ನನಗೆ ವರ್ಷನ್ ಕಂಟ್ರೋಲ್ ಎಂಬುದು ಸಿಕ್ಕಿತು. ಸೇಡಂನಲ್ಲಿ ಅದರ ಹೆಸರು ಹೇಳಿದ ಮೊದಲಿಗ ನಾನೇ. ಬೇಕಾದರೆ ಯಾರನ್ನಾದರೂ ಕೇಳಿ. ವಿಷಯ ಇಷ್ಟು: ಕೆಲಸ ಮುಗಿಸಿ 'ಕಮಿಟ್' ಒತ್ತಿದರೆ ಇಡೀ ಆಟವನ್ನು ಆ ಹೊತ್ತಿಗೆ ಇದ್ದಂತೆಯೇ, ಒಂದು ನಂಬರ್ ಹಾಕಿ, ಇಂಟರ್ನೆಟ್ಟಿನ ಒಂದು ಪುಕ್ಕಟೆ ಜಾಗದಲ್ಲಿ ಎತ್ತಿಡುತ್ತದೆ. ಸೇಡಂನಿಂದ ನಾನು, ವಾಡಿಯಿಂದ ಅವನು, ಇಬ್ಬರೂ ಅದರೊಳಗೇ ಹಾಕುವುದು, ಅದರಿಂದಲೇ ತೆಗೆಯುವುದು. ಏನಾದರೂ ಕೆಟ್ಟರೆ ಹಳೆ ನಂಬರಿಗೆ ವಾಪಸ್ ಹೋಗಬಹುದು.

ಕಾಕಾಗೆ ವಾಡಿ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಇದನ್ನು ವಿವರಿಸಿದೆ. "ಇನ್ನ ಏನೂ ಕಳಿಯಂಗಿಲ್ಲ ಕಾಕಾ. ಹಿಂದ ಹ್ಯಾಂಗಿತ್ತೋ ಹಂಗೇ ತೆಗೆದು ತೋರಸ್ತದ."

ಕಾಕಾ ರುಮಾಲು ತೆಗೆದು ಬೋಳು ತಲೆ ತೋರಿಸಿದರು. "ಹಂಗಾದ್ರ ಮೊದ್ಲ ಈ ತಲಿ ಹಿಂದ ಹ್ಯಾಂಗಿತ್ತೋ ತೆಗೆದು ತೋರ್ಸು, ನೋಡಮ್."

ಕಮಿಟ್ ಮಾಡುವಾಗ ಏನು ಬದಲಿಸಿದೆ ಎಂದು ಒಂದು ಸಾಲು ಬರೆಯಬೇಕು. ಗೆಳೆಯ ಬರೆಯುತ್ತಿದ್ದ: 'ಚಿತ್ತಾಪುರ ಸ್ಟೇಷನ್ ಗೋಡೆಗೆ ಬಣ್ಣ.' ನಾನು ಬರೆಯುತ್ತಿದ್ದೆ: 'ಬೆಂಕಿ.' ಮರುದಿನ: 'ಇನ್ನೂ ಬೆಂಕಿ.' ಆಮೇಲೆ: 'ಈಗ ನೋಡು ಮಜಾ', 'ನಾನೇ ರಾಜಾ', 'ಯಾರಿದಾರ ನನ್ನ ಮುಂದ'.

ಒಂದು ವಾರದ ಮೇಲೆ ಚಿತ್ತಾಪುರದ ಹತ್ತಿರ ಕಾಗಿಣಾ ನದಿಯ ಸೇತುವೆ ಕಾಣೆಯಾಯಿತು. ಬಂದ ಬಂದ ಲಾರಿ ಎಲ್ಲಾ ನೀರಿಗೆ. ಯಾವ ನಂಬರಿನಲ್ಲಿ ಸೇತುವೆ ಹೋಯಿತು ಎಂದು ಹುಡುಕಲು ಇಬ್ಬರೂ ಕೂತೆವು. ಗೆಳೆಯ ನನ್ನ ಸಾಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದ. ಕೆಫೆಯಲ್ಲಿದ್ದ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿ ಕೇಳಿದ:

"ರಾಜಾಸಾಹೇಬ್ರ, ಸೇತುವೆ ಕೆಡವಿದ್ದು ಬೆಂಕಿಯಾಗೋ, ಇನ್ನೂ ಬೆಂಕಿಯಾಗೋ?"

ಶೇಠ್ ಹಿಡಿದ ವೈರಸ್

ಆಗಿನ ಆ ವರ್ಷನ್ ಕಂಟ್ರೋಲ್ ತಂತ್ರಾಂಶಕ್ಕೆ ಒಂದು ಚಟ ಇತ್ತು. ನಮ್ಮ ಪ್ರತಿ ಫೋಲ್ಡರಿನೊಳಗೂ ಒಂದು ಅಡಗಿಸಿದ ಫೋಲ್ಡರ್ ಮಾಡಿ, ತನ್ನ ಗುರುತುಗಳನ್ನು ಅದರಲ್ಲಿ ಇಟ್ಟುಕೊಳ್ಳುತ್ತಿತ್ತು. ಅದು ಹೋದರೆ ಯಾವುದು ಹೊಸದು, ಯಾವುದು ಹಳೆಯದು ಎಂದು ಅದಕ್ಕೆ ತಿಳಿಯದು.

ಒಂದು ಮುಂಜಾನೆ ಕೆಫೆಗೆ ಹೋದರೆ ಶೇಠ್ ಬೆವರು ಒರೆಸಿಕೊಳ್ಳುತ್ತ, ಯುದ್ಧ ಗೆದ್ದವರಂತೆ ಕೂತಿದ್ದಾರೆ.

"ಲೇ ಹೀರೋ, ನಿನ್ನ ಆಟದ ತುಂಬಾ ವೈರಸ್! ಫೋಲ್ಡರ್ ತೆಗೆದ್ರ ಅದರಾಗೊಂದು ಕಳ್ಳ ಫೋಲ್ಡರ್. ಇನ್ನೊಂದು ತೆಗೆದ್ರ ಅದರಾಗೂ. ಒಂದೂ ಬಿಡಲಿಲ್ಲ, ಎಲ್ಲಾ ಸಾಫ್ ಮಾಡೀನಿ."

ಇಂಟರ್ನೆಟ್ಟಿನಲ್ಲಿ ಪ್ರತಿ ಇತ್ತು, ನಿಜ. ಆದರೆ ಅದನ್ನು ಮತ್ತೆ ಇಳಿಸಬೇಕು. ಅರ್ಧ ಇಳಿಯುವಷ್ಟರಲ್ಲಿ ಕರೆಂಟ್ ಹೋಗುವುದು, ಮತ್ತೆ ಮೊದಲಿಂದ. ಮಧ್ಯಾಹ್ನ ಊಟವಿಲ್ಲ, ಸಂಜೆ ಚಹಾ ಇಲ್ಲ. ಅಂತೂ ಇಳಿಯಿತು. ಫೋಲ್ಡರ್ ತೆಗೆದು ನೋಡುತ್ತಿದ್ದೆ, ಹಿಂದಿನಿಂದ ಶೇಠ್ ಇಣುಕಿದರು.

"ನೋಡಿದೇನು?" ಅಂದರು ಕರುಣೆಯಿಂದ. "ಮತ್ತ ಬಂದದ."

ಹಾಕಿದ ಗೇಟು

ಕಾಕಾ ರಿಟೈರ್ ಆಗಿ ಚಿತ್ತಾಪುರಕ್ಕೆ ಹೋದರು. ಕ್ವಾರ್ಟರ್ಸಿನ ಆ ಸಾಲನ್ನು ನೆಲಸಮ ಮಾಡಿದರು. ಬೇವಿನ ಮರ, ಕಟ್ಟೆ ಎರಡೂ ಹೋದವು. ಕಟ್ಟೆಯ ಒಂದು ಫೋಟೋ ಕೂಡ ಯಾರ ಕಡೆಯೂ ಇರಲಿಲ್ಲ. ಕಂಪ್ಯೂಟರಿನಲ್ಲೇ ಇದೆಯಲ್ಲ ಎಂಬ ಧೈರ್ಯ. ಆ ಧೈರ್ಯ ಕೊಟ್ಟವನು ನಾನು.

ಒಂದು ರವಿವಾರ ಕಾಕಾ ಮಗನ ಜೊತೆ ಪ್ಯಾಸೆಂಜರ್ ಗಾಡಿಗೆ ಸೇಡಂಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಹೊಸ ರುಮಾಲು. ಯಾರದೋ ಮನೆಗೆ ಹೆಣ್ಣು ನೋಡಲು ಹೊರಟ ಹಾಗೆ. "ನಡೀರಿ, ಕಟ್ಟಿ ನೋಡಮ್," ಅಂದರು.

ಆಟ ತೋರಿಸುವ ಹುರುಪಿನಲ್ಲಿ, ಕಟ್ಟೆ ತೆಗೆದದ್ದು ನೆನಪೇ ಆಗದೆ, ನಾನು ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿದೆ. "ಸೀದಾ ಲಾರಿ ಹೊಡ್ಕೊಂಡು ಮನೀಗಿ ಹೋಗ್ರಿ ಕಾಕಾ."

ಮನುಷ್ಯ ಬಲು ನಿಧಾನ. ಪ್ರತಿ ತಗ್ಗಿಗೂ ಬ್ರೇಕ್, ಪ್ರತಿ ಎಮ್ಮೆಗೂ ಹಾರ್ನ್. ವಾಡಿ ಹತ್ತಿರ ಬಂತು. ಅಲ್ಲಿ ಗೆಳೆಯ ಚಂದ ಕಾಣಲೆಂದು ಒಂದು ರೈಲ್ವೇ ಗೇಟು ಬರೆದಿದ್ದ. ಬರೀ ಚಿತ್ರ. ಅದು ಏಳುವುದಿಲ್ಲ, ಬೀಳುವುದಿಲ್ಲ. ಎಲ್ಲರೂ ಅದರೊಳಗಿಂದಲೇ ತೂರಿ ಹೋಗುತ್ತಿದ್ದರು. ಕಾಕಾ ಲಾರಿ ನಿಲ್ಲಿಸಿ, ಕೈ ಕಟ್ಟಿಕೊಂಡು ಕೂತರು.

"ಯಾಕ ಅಪ್ಪಾ?" ಅಂದ ಗೆಳೆಯ.

"ಗೇಟ್ ಹಾಕ್ಯಾರಲ್ಲ. ಗಾಡಿ ಹೋಗ್ಲಿ."

"ಕಾಕಾ, ಅದು ಸುಳ್ಳ ಗೇಟ್ ರಿ. ಗಾಡಿ ಬರಂಗಿಲ್ಲ. ಹಾಯ್ದು ಹೋಗ್ರಿ, ಏನೂ ಆಗಂಗಿಲ್ಲ," ಅಂದೆ ನಾನು.

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಮ್ಮಾ, ಇಡೀ ನೌಕರಿ ಲೈನ್ ಮ್ಯಾಲ ತೆಗೆದೀನಿ. ಏನೂ ಆಗಂಗಿಲ್ಲ ಅಂತ ಹಾಯ್ದವರನ್ನ ನಾವೇ ಎತ್ತಿ ಹಾಕೀವಿ. ಹಾಕಿದ ಗೇಟ್ ನಾ ದಾಟಂಗಿಲ್ಲ."

ಕೆಫೆಯ ಅಷ್ಟೂ ಮಂದಿ ಬಂದು ಹಿಂದೆ ನಿಂತರು. ಶೇಠ್ ಬಂದು ಬೇಡಿಕೊಂಡರು. ಉಹೂಂ. ಕೊನೆಗೆ ಆಟ ನಿಲ್ಲಿಸಿ, ನಕ್ಷೆ ತೆರೆದು ಗೇಟು ತೆಗೆದು, ಕಮಿಟ್ ಮಾಡಿ, ನನ್ನ ಜನ್ಮದಲ್ಲಿ ಮೊದಲ ಸಲ ಸರಿಯಾದ ಸಾಲು ಬರೆದೆ: 'ಕಾಕಾ ಹೋಗಲು ವಾಡಿ ಗೇಟ್ ತೆಗೆದೆ.' ಆಮೇಲೆ ಲಾರಿ ಹೊರಟಿತು.

ಗಲ್ಲಿ ಬಂತು. ಮನೆ ಬಂತು. ಕಾಕಾ ಲಾರಿ ನಿಲ್ಲಿಸಿ ಪರದೆಯ ಹತ್ತಿರ ಬಾಗಿದರು.

"ಕಟ್ಟಿ?"

ಗೆಳೆಯ ನನ್ನನ್ನು ನೋಡಿದ. ನಾನು ಅಂದೆ: "ಲಾರಿ ಬಡೀತಿತ್ತು ಕಾಕಾ, ಅದಕ್ಕ ರಸ್ತಾ ಅಗಲ ಮಾಡೀವಿ."

"ನಮ್ಮ ಗಲ್ಲಿಗಿ ಲಾರಿ ಯಾವಾಗ ಬಂದಿತ್ತೋ?" ಅಂದರು ಕಾಕಾ.

ನಾನು ಕೀಬೋರ್ಡಿನ ಧೂಳು ಒರೆಸತೊಡಗಿದೆ.

"ಇರ್ಲಿ. ಹಿಂದಕ್ಕ ಹೋಗ್ತದ ಅಂದಿದ್ದಿಯಲ್ಲ, ಹೋಗು," ಅಂದರು ಕಾಕಾ.

ಹೋದೆ. ಒಂದೊಂದೇ ನಂಬರ್ ಹಿಂದೆ ಸರಿದಂತೆ ಸೇತುವೆ ಹೋಯಿತು, ಮತ್ತೆ ಬಂತು. ಸ್ಟೇಷನ್ ಗೋಡೆಯ ಬಣ್ಣ ಹೋಯಿತು. 'ಬೆಂಕಿ'ಗಳೆಲ್ಲ ದಾಟಿದವು. ಒಂದನೇ ನಂಬರಿಗೆ ಬಂದು ಗಲ್ಲಿ ತೆರೆದೆ. ಅಗಲ ರಸ್ತೆ.

"ಇನ್ನ ಹಿಂದ," ಅಂದರು ಕಾಕಾ.

"ಇದರ ಹಿಂದ ಇಲ್ಲ ಕಾಕಾ. ನಾವು ಇಡಲಿಕ್ಕೆ ಶುರು ಮಾಡಿದ್ದೇ ಇಲ್ಲಿಂದ."

ಗೆಳೆಯ, "ನಿನ್ನ ಹಳೇ ಫೈನಲ್?" ಅಂದ. ನಾನು, "ನಿಂದು?" ಅಂದೆ. ಆಗ ಇಬ್ಬರಿಗೂ ಗೊತ್ತಾಯಿತು. ಅವ್ವ ತಿಕ್ಕಿದ ಆ ಸಿಡಿ ಕಣ್ಣ ಮುಂದೆ ಬಂತು. ಈಗ ಅದನ್ನು ನಮ್ಮ ಹೊಲದಲ್ಲಿ ಗಿಳಿ ಓಡಿಸಲು ಕಟ್ಟಿದ್ದಾರೆ, ಬಿಸಿಲಿಗೆ ಫಳಫಳ ಹೊಳೆಯುತ್ತದೆ. ಗಿಳಿಗಳಿಗೆ ಅದರಲ್ಲಿ ಒಂದು ಕಟ್ಟೆ ಇತ್ತೆಂದು ಏನು ಗೊತ್ತು?

"ನೆನಪಿನ ಮ್ಯಾಲ ಮತ್ತ ಮಾಡ್ತೀನಿ ಅಪ್ಪಾ," ಅಂದ ಗೆಳೆಯ.

"ಮಾಡೀಯಂತ," ಅಂದರು ಕಾಕಾ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಕೀಬೋರ್ಡಿನ ಬಟನ್ ಒತ್ತಿ, ಹಿಂದೆ-ಮುಂದೆ ಮಾಡಿ, ಲಾರಿಯನ್ನು ತಂದು ಸರಿಯಾಗಿ ಬಾಗಿಲೆದುರು ಕಟ್ಟೆ ಇದ್ದ ಜಾಗದಲ್ಲೇ ನಿಲ್ಲಿಸಿದರು. ಎಂಜಿನ್ ಆರಿಸಿದರು. ಶೇಠ್ ಕೊಟ್ಟ ಚಹಾ ಕೈಗೆತ್ತಿಕೊಂಡು, ಕುರ್ಚಿಗೆ ಬೆನ್ನು ಕೊಟ್ಟು ಕೂತರು. ಮನೆ ನೋಡುತ್ತ ಒಂದೊಂದೇ ಗುಟುಕು ಕುಡಿದರು.

ಖಾಲಿ ಕಪ್ಪಿಗೆ ಕೈ ಚಾಚಿ ಶೇಠ್ ಅಂದರು: "ಕಾಕಾ, ರಸ್ತಾದ ನಡುವ ನಿಲ್ಲಿಸೀರಲ್ಲ."

"ಕುಂತೀನಿ," ಅಂದರು ಕಾಕಾ ತಿರುಗಿ ನೋಡದೆ. "ಯಾವುದಾದ್ರೂ ಲಾರಿ ಬಂದ್ರ ಹಾರ್ನ್ ಹೊಡೀಲಿ. ಸರೀತೀನಿ."